ಪರದೆಯ ಹಿಂದಿನ ಮೂರನೆಯ ಹಳಿ

ನಮ್ಮ ಊರಿಗೆ ರೈಲು ನಿಲ್ದಾಣವಿಲ್ಲ. ಊರ ಹತ್ತಿರ ಎಲ್ಲೂ ಹಳಿಯೂ ಇಲ್ಲ. ಇರುವುದೆಲ್ಲ ನಮ್ಮ ಮನೆಯ ಹಜಾರದಲ್ಲಿದೆ. ಊಟದ ಮೇಜಿನ ಎತ್ತರಕ್ಕೆ ಗೋಡೆಯುದ್ದಕ್ಕೂ ಕೂರಿಸಿದ ಪ್ಲೈವುಡ್ ಹಲಗೆ, ಅದರ ಮೇಲೆ ಎರಡು ಬೆರಳಗಲದ ಹಳಿ, ಥರ್ಮೊಕೋಲಿನ ಗುಡ್ಡ, ಸೋಪಿನ ಪೆಟ್ಟಿಗೆ ಅಂಟಿಸಿ ಮಾಡಿದ ಸ್ಟೇಷನ್ನು. ಹಲಗೆಯ ತುದಿಯಲ್ಲಿ ಹಳಿ ಒಂದು ನೀಲಿ ಪರದೆಯ ಕೆಳಗೆ ನುಗ್ಗಿ, ಮೆಟ್ಟಿಲ ಕೆಳಗಿನ ಗೂಡಿಗೆ ಹೋಗುತ್ತದೆ. ಅಲ್ಲಿ ಅದು ಆರು ಹಳಿಗಳಾಗಿ ಕವಲೊಡೆದು, ಆರೂ ಮರದ ತುಂಡುಗಳಿಗೆ ತಾಗಿ ಮುಗಿಯುತ್ತವೆ. ಆಟದ ರೈಲು ಕಟ್ಟುವವರು ಇದಕ್ಕೆ ಯಾರ್ಡು ಅನ್ನುತ್ತಾರೆ. ಕಣ್ಣಿಗೆ ಕಾಣದ ರೈಲುಗಳು ಸರದಿ ಬರುವ ತನಕ ನಿಂತಿರುವ ಜಾಗ. ಬೇರೆ ಊರುಗಳಲ್ಲಿ ಅವು ಸುಮ್ಮನೆ ನಿಂತಿರುತ್ತವಂತೆ. ನಮ್ಮಲ್ಲಿ ಹೋಗಿ ಬರುತ್ತವೆ.

ಎಲ್ಲಿಗೆ ಎಂದು ಯಾರೂ ತಲೆ ಕೆಡಿಸಿಕೊಂಡಿಲ್ಲ. ಬೆಳಿಗ್ಗೆ ಒಳಗೆ ಹೋದ ರೈಲು ಸಂಜೆಗೋ ಮರುದಿನಕ್ಕೋ ಹಿಂದುಹಿಂದಕ್ಕೆ ಹೊರಗೆ ಬರುವಾಗ ಅದರ ಚಾವಣಿ ಒದ್ದೆಯಾಗಿರುತ್ತದೆ. ನಮ್ಮಲ್ಲಿ ಮಾತ್ರ ಬಟ್ಟೆ ಒಣಗಿಸುವ ಬಿಸಿಲು. ಕೆಲವು ಸಲ ಗಾಲಿಗೆ ಉಪ್ಪು ಮರಳು ಹತ್ತಿಕೊಂಡಿರುತ್ತದೆ. ಎದುರುಮನೆಯ ಚೆಲುವಾಂಬಕ್ಕ ತವರಿಗೆಂದು ಗೂಡ್ಸ್ ಡಬ್ಬದಲ್ಲಿ ಒಂದು ಚಿಟಿಕೆ ಮೆಂತ್ಯದ ಹಿಟ್ಟು ಇಟ್ಟು ಕಳಿಸುತ್ತಾಳೆ. ಅಲ್ಲಿಂದ ಒಂದು ಏಲಕ್ಕಿ ಬರುತ್ತದೆ. "ಎರಡು ಕಳಿಸಿದ್ರೆ ನಮ್ಮತ್ತಿಗೆ ಗಂಟೇನು ಕರಗ್ತಿತ್ತು" ಎಂದು ಗೊಣಗುತ್ತ ಅದನ್ನೇ ಸೆರಗಿಗೆ ಕಟ್ಟಿಕೊಂಡು ಹೋಗುತ್ತಾಳೆ. ಊರಲ್ಲಿ ಸಿಗದ ಸಣ್ಣ ಸಾಮಾನುಗಳೆಲ್ಲ ಹೀಗೇ. ಗಡಿಯಾರದ ಸ್ಕ್ರೂ ಬೇಕಾದರೆ ಹಳೆಯದನ್ನು ಮಾದರಿಗೆ ಇಟ್ಟು ಕಳಿಸಿದರೆ ಸಾಕು, ಅದರ ಜೊತೆಗೆ ಹೊಸದು ಬರುತ್ತದೆ.

ಒಂದೇ ಕಟ್ಟುಪಾಡು. ರೈಲು ಒಳಗಿರುವಾಗ ಪರದೆ ಎತ್ತಿ ನೋಡಬಾರದು. ಕಣ್ಣು ಬಿತ್ತೋ, ಆ ರೈಲು ಅಲ್ಲೇ ನಿಂತಿರುತ್ತದೆ, ಮತ್ತೆಂದೂ ಎಲ್ಲಿಗೂ ಹೋಗುವುದಿಲ್ಲ. ಇವರ ಸೋದರಮಾವ ಹಿಂದೊಮ್ಮೆ ತಡೆಯಲಾರದೆ ಇಣುಕಿದ ಹಸಿರು ಎಂಜಿನ್ನು ಈಗ ನಮ್ಮ ಅಡುಗೆಮನೆಯ ಬಾಗಿಲಿಗೆ ಒತ್ತಿಕೊಂಡು ಕೂತಿದೆ. ಗಾಳಿಗೆ ಬಾಗಿಲು ಬಡಿಯದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ.

ಇವರು ಎಂದರೆ ನನ್ನ ಗಂಡ ಧರಣೇಂದ್ರಯ್ಯ. ಊರಿನ ನೀರಿನ ಪಂಪ್‌ಹೌಸಿನಲ್ಲಿದ್ದು ನಿವೃತ್ತರಾದವರು. ನಾನು ಇವರನ್ನು ಮದುವೆಯಾಗುವ ಹೊತ್ತಿಗೆ ನನ್ನ ತಲೆಗೂದಲಲ್ಲಿ ಅರ್ಧಕ್ಕರ್ಧ ಬಿಳಿಯಾಗಿತ್ತು. ಅಲ್ಲಿಯವರೆಗೆ ಪೇಟೆಬೀದಿಯಲ್ಲಿ ಊರವರ ರವಿಕೆ, ಲಂಗ, ಪೈಜಾಮ ಹೊಲಿದುಕೊಂಡು ಒಂಟಿಯಾಗಿ ಹಾಯಾಗಿದ್ದೆ. ಇವರು ಒಂದು ದಿನ ದಿಂಬಿನ ಕವರು ಹೊಲಿಸಲು ಬಂದರು, ಮರುವಾರ ಇನ್ನೊಂದು ದಿಂಬಿನ ಕವರು, ಅದರ ಮರುವಾರ ಮತ್ತೊಂದು. ಒಬ್ಬ ಮನುಷ್ಯನಿಗೆ ಎಷ್ಟು ತಲೆ ಎಂದು ಕೇಳಿಯೇಬಿಟ್ಟೆ. ಮದುವೆ ಹಾಗೆ ಕುದುರಿತು. ನನ್ನ ಹೊಲಿಗೆ ಮೆಷಿನ್ನು ಹಜಾರದ ಕಿಟಕಿಯ ಬಳಿ, ರೈಲಿನ ಹಲಗೆಗೆ ಎದುರಾಗಿ ಬಂದು ಕೂತಿತು.

ಮನೆಯಲ್ಲಿ ನನಗಿಂತ ಮೊದಲು ಸುಲೋಚನೆ ಇದ್ದಳು. ಇವರ ಮೊದಲ ಹೆಂಡತಿ, ತೀರಿಕೊಂಡು ವರ್ಷಗಳಾಗಿದ್ದವು. ಹುಲ್ಲು ಅಂಟಿಸಿದ್ದು ಅವಳು, ಗುಡ್ಡಕ್ಕೆ ಬಣ್ಣ ಬಳಿದದ್ದು ಅವಳು, ನೀಲಿ ಪರದೆಯ ಅಂಚು ಹೊಲಿದದ್ದೂ ಅವಳೇ. ಹೊಲಿಗೆ ಸೊಟ್ಟ. ಕೂತಲ್ಲಿಂದ ಅದು ನನ್ನ ಕಣ್ಣಿಗೆ ರಾಚುತ್ತಿತ್ತು, ಬಿಚ್ಚಿ ನೆಟ್ಟಗೆ ಹಾಕಬೇಕೆಂದು ಕೈ ತುರಿಸುತ್ತಿತ್ತು. ಅದನ್ನಾದರೂ ಸಹಿಸಿಕೊಂಡೆ. ಸಹಿಸಲಾಗದ್ದು ಇವರ ಕೋಟು. ಚಳಿಗಾಲವಿಡೀ ಹಾಕಿಕೊಳ್ಳುವ ಆ ಕೋಟಿಗೆ ನಡುವಿನ ಗುಂಡಿಯೇ ಇರಲಿಲ್ಲ. ದರ್ಜಿಯ ಗಂಡ ಗುಂಡಿಯಿಲ್ಲದ ಕೋಟು ಹಾಕಿಕೊಂಡು ಊರೆಲ್ಲ ಸುತ್ತಿದರೆ ನನ್ನ ಮರ್ಯಾದೆ ಏನಾಗಬೇಕು. ಹೆಚ್ಚುಕಮ್ಮಿ ಅದಕ್ಕೆ ಹೊಂದುವ ಒಂದು ಗುಂಡಿಯನ್ನು ಎಲ್ಲೆಲ್ಲೋ ಹುಡುಕಿ ತಂದು ಸೂಜಿಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೆ. ಕೊಡಿ ಎಂದಾಗಲೆಲ್ಲ ಇವರು ಕೋಟನ್ನು ಇನ್ನಷ್ಟು ಹೊದ್ದುಕೊಳ್ಳುತ್ತಿದ್ದರು.

"ಅವಳು ಹೇಳಿದ್ಲು, ನಾನೇ ಹೊಲಿದುಕೊಡ್ತೀನಿ, ಬೇರೆ ಯಾರ ಕೈಗೂ ಕೊಡಬೇಡಿ ಅಂತ. ಅಷ್ಟರಲ್ಲಿ ಹೋದ್ಲು" ಎಂದರು ಒಮ್ಮೆ. ಆಮೇಲೆ ನಾನು ಕೇಳುವುದು ಬಿಟ್ಟೆ. ಗುಂಡಿಯನ್ನು ಮಾತ್ರ ಬಿಸಾಡಲಿಲ್ಲ.

ಯಾರ್ಡಿನ ತಕರಾರು ಶುರುವಾದದ್ದು ಇವರ ಕೈ ನಡುಗತೊಡಗಿದ ಮೇಲೆ. ಆರು ಹಳಿಯ ಆ ಗೂಡು ಒಂದು ಜೇಬಿದ್ದ ಹಾಗೆ. ಮುಂದಕ್ಕೆ ಹೋದದ್ದು ಹಿಂದಕ್ಕೇ ಬರಬೇಕು. ಉದ್ದನೆಯ ರೈಲು ಹಿಂದಕ್ಕೆ ಬರುವಾಗ ಕವಲಿನ ತಿರುವಿನಲ್ಲಿ ಕೊನೆಯ ಡಬ್ಬ ಹಳಿ ತಪ್ಪುತ್ತದೆ. ಆಗ ಇವರು ಪರದೆಯ ಕೆಳಗೆ ಕೈ ತೂರಿಸಿ, ಮುಖ ಆ ಕಡೆ ತಿರುಗಿಸಿಕೊಂಡು, ತಡವಿ ತಡವಿ ಎತ್ತಿ ಕೂರಿಸಬೇಕು. ಮುಟ್ಟುವುದಕ್ಕೆ ಅಡ್ಡಿಯಿಲ್ಲ, ನೋಡುವುದಕ್ಕಷ್ಟೇ. ನಡುಗುವ ಕೈಯಲ್ಲಿ ಒಂದನ್ನು ಕೂರಿಸಲು ಹೋದರೆ ಎರಡು ಬೀಳುತ್ತಿದ್ದವು. ಚೆಲುವಾಂಬಕ್ಕನ ಮೆಂತ್ಯದ ಹಿಟ್ಟು ತವರು ತಲುಪದೆ ಗೂಡಿನಲ್ಲೇ ಚೆಲ್ಲಿತು. ಅವಳು ಖಾಲಿ ಡಬ್ಬವನ್ನು ಸೆರಗಿನಲ್ಲಿ ಒರೆಸಿಟ್ಟು ಹೋದಳು, ಅದೇ ಇವರಿಗೆ ಚುಚ್ಚಿತು. ಆ ದಿನ ಇವರು ಊಟಕ್ಕೆ ಕೂತು ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡೇ ಇದ್ದರು. ನನಗೆ ನೋಡಲಾಗಲಿಲ್ಲ.

"ಯಾರ್ಡನ್ನ ಬದಲಾಯಿಸೋಣ" ಎಂದೆ. "ಜೇಬು ಬೇಡ. ಲಂಗಕ್ಕೆ ಲಾಡಿ ಪಟ್ಟಿ ಹೊಲಿಯಲ್ವಾ, ಹಾಗೆ ಮಾಡೋಣ. ಲಾಡಿ ಒಂದು ತೂತಲ್ಲಿ ಹೋಗುತ್ತೆ, ಸೊಂಟ ಸುತ್ತಿ ಇನ್ನೊಂದು ತೂತಲ್ಲಿ ಬರುತ್ತೆ. ಹಿಂದಕ್ಕೆ ಎಳೆಯೋ ಮಾತೇ ಇಲ್ಲ. ರೈಲು ಪರದೆಯ ಎಡಗಡೆ ಒಳಗೆ ಹೋಗಲಿ, ಗೂಡಿನೊಳಗೆ ಒಂದು ಸುತ್ತು ಬಳಸಿ, ಬಲಗಡೆ ಹೊರಗೆ ಬರಲಿ. ಮುಖ ಮುಂದೆ ಮಾಡ್ಕೊಂಡು."

ಇವರ ಕಣ್ಣು ಹೊಳೆಯಿತು. ಅನ್ನದ ಮೇಲೆ ಬೆರಳಲ್ಲಿ ಸುತ್ತು ಹಾಕಿಯೂ ನೋಡಿದರು. ಆಮೇಲೆ ಕೈ ನಿಂತಿತು.

"ಮೂರನೇದನ್ನ ಮುಟ್ಟಬಾರದು" ಎಂದರು.

ಮೂರನೆಯ ಹಳಿ ಸುಲೋಚನೆಯದು ಎಂದು ನನಗೆ ಗೊತ್ತಿತ್ತು. ಅದರ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದ್ದರು. ಅವಳ ರೈಲು ಒಳಗೆ ಹೋದದ್ದು ಹೊರಗೆ ಬಂದಿಲ್ಲವೆಂಬುದೂ ಗೊತ್ತಿತ್ತು. ಯಾಕೆ ಬಂದಿಲ್ಲ ಎಂದು ಇವರು ಹೇಳಿದ್ದು ಆ ಹೊತ್ತು, ಕೈ ಒಣಗುವ ತನಕ ಎಲೆಯ ಮುಂದೆ ಕೂತು.

ಅವಳದು ಒಂದು ಕೆಂಪು ಎಂಜಿನ್ನು. ಅದಕ್ಕೆ ಹಿಂದಕ್ಕೆ ಚಲಿಸಲು ಬರುತ್ತಿರಲಿಲ್ಲ. ಕೊಂಡು ತಂದಾಗಿನಿಂದ ಹಾಗೇ, ಯಾರು ರಿಪೇರಿ ಮಾಡಿದರೂ ಹತ್ತಲಿಲ್ಲ. ಆದ್ದರಿಂದ ಅವಳು ತನ್ನ ರೈಲನ್ನು ಕಳಿಸುವಾಗೆಲ್ಲ ಹಿಂಬದಿಗೆ ಒಂದು ಕಪ್ಪು ಎಂಜಿನ್ನನ್ನು ಕಟ್ಟುತ್ತಿದ್ದಳು, ವಾಪಸು ಎಳೆದು ತರಲಿಕ್ಕೆ. ಕೊನೆಗೊಂದು ಮಧ್ಯಾಹ್ನ, ಇವರು ಔಷಧಿ ತರಲು ಹೋಗಿದ್ದಾಗ, ಜ್ವರದಲ್ಲೇ ಹಾಸಿಗೆಯಿಂದ ಎದ್ದು ಬಂದು ರೈಲನ್ನು ಒಳಗೆ ಕಳಿಸಿದಳು. ಇವರು ಬಂದು ನೋಡಿದರೆ ಅವಳು ಮತ್ತೆ ಮಲಗಿ ನಿದ್ದೆ ಹೋಗಿದ್ದಳು. ಆ ನಿದ್ದೆಯಿಂದ ಸರಿಯಾಗಿ ಎಚ್ಚರಾಗಲೇ ಇಲ್ಲ. ಕಪ್ಪು ಎಂಜಿನ್ನು ಮಾತ್ರ ಹಲಗೆಯ ಮೇಲೆ ನಿಂತಿತ್ತು. ಈಗಲೂ ಅಲ್ಲೇ ನಿಂತಿದೆ, ನಾನು ದಿನಾ ಧೂಳು ಒರೆಸುತ್ತೇನೆ.

"ಬೇಕಂತಲೇ ಕಟ್ಟಲಿಲ್ಲ ಅವಳು" ಎಂದರು. "ಹಿಂದಕ್ಕೆ ಬರೋದು ಬೇಡ ಅಂತ ತೀರ್ಮಾನ ಮಾಡಿ ಕಳಿಸಿದ್ಲು. ನನಗೆ ಬಾಯಿಬಿಟ್ಟು ಹೇಳೋಕಾಗದ್ದನ್ನ ಹಾಗೆ ಹೇಳಿದ್ಲು. ಕಪ್ಪು ಎಂಜಿನ್ ಕಳಿಸಿ ಎಳಕೊಂಡು ಬರಬಹುದಿತ್ತು. ಹೋಗಬೇಕು ಅಂತ ಹೋದವರನ್ನ ಎಳೆದು ತರೋದು ಹೇಗೆ, ಪದ್ಮಾ."

ಇಷ್ಟು ವರ್ಷ ಈ ಮನುಷ್ಯ ದಿಂಬಿನ ಕವರು ಹೊಲಿಸಿಕೊಂಡು, ಚೆಲುವಾಂಬಕ್ಕನ ಏಲಕ್ಕಿ ಎಣಿಸಿಕೊಟ್ಟು, ನನ್ನ ಜೊತೆ ನಗುತ್ತ ಇದ್ದದ್ದು ಎದೆಯಲ್ಲಿ ಇದನ್ನು ಇಟ್ಟುಕೊಂಡು. ಹೆಂಡತಿ ತನ್ನಿಂದ ಬೇಕೆಂದೇ ಹೋದಳು ಎಂದು. ಸಿಟ್ಟು ಬಂತು ನನಗೆ, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಪರದೆಯ ಸೊಟ್ಟ ಹೊಲಿಗೆಯನ್ನೇ ದುರುಗುಟ್ಟಿ ನೋಡಿದೆ.

ಮೂರನೆಯದನ್ನು ಬಿಟ್ಟು ಉಳಿದ ಐದನ್ನು ತಿದ್ದುವುದೆಂದು ಒಪ್ಪಂದವಾಯಿತು. ಉಳಿದ ರೈಲುಗಳನ್ನೆಲ್ಲ ಹೊರಗೆ ತಂದು ಮಂಚದ ಮೇಲೆ ಸಾಲಾಗಿ ಮಲಗಿಸಿದೆವು. ಆದರೂ ಪರದೆ ಎತ್ತುವ ಹಾಗಿರಲಿಲ್ಲ, ಸುಲೋಚನೆಯದು ಒಳಗಿತ್ತಲ್ಲ. ಕೆಲಸವೆಲ್ಲ ಕೈ ತೂರಿಸಿಯೇ ಆಗಬೇಕು. ಅದೇನು ದೊಡ್ಡದಲ್ಲ ನನಗೆ. ಕರೆಂಟು ಹೋದಾಗ ಕತ್ತಲಲ್ಲೇ ಗುಂಡಿಯ ಕಾಜ ಹೊಲಿದವಳು ನಾನು. ಅಳತೆಯ ಟೇಪನ್ನು ಒಳಗೆ ಬಿಟ್ಟು ಬೆರಳಲ್ಲಿ ಅಳತೆ ತೆಗೆದೆ, ಹಳೆಯ ಪೇಪರಿನಲ್ಲಿ ರವಿಕೆಯ ತೋಳು ಕತ್ತರಿಸುವ ಹಾಗೆ ಸುತ್ತುಹಳಿಯ ಮಾದರಿ ಕತ್ತರಿಸಿದೆ. ಇವರು ಅದರ ಮೇಲೆ ಹಳಿಯನ್ನು ಬಾಗಿಸಿ ಗರಗಸದಲ್ಲಿ ಕೊಯ್ದು ಕೊಟ್ಟರು. ಒಳಗಿನ ಹಳೆಯ ಮರದ ತುಂಡುಗಳನ್ನು ಒಂದೊಂದಾಗಿ ಕಿತ್ತು ತೆಗೆದೆ. ನಾನು ಚಾವಣಿ ನೋಡುತ್ತ ಒಳಗೆ ಜೋಡಿಸುವುದು, ಇವರು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ತಂತಿ ಎಳೆಯುವುದು. ಚೆಲುವಾಂಬಕ್ಕ ಬಂದು, "ಹಸು ಈಯಿಸೋ ಹಾಗೆ ಕೂತಿದೀಯಲ್ಲೇ" ಎಂದು ನಕ್ಕು ಮಜ್ಜಿಗೆ ಕೊಟ್ಟು ಹೋದಳು.

ಕೊನೆಯ ತುಂಡು ಕೂರಲಿಲ್ಲ. ಎಷ್ಟು ಒತ್ತಿದರೂ ಉದ್ದ ಮಿಕ್ಕುತ್ತದೆ, ಸುತ್ತು ಹೊಟ್ಟೆ ಬಂದ ಹಾಗೆ ಉಬ್ಬಿ ಹಿಂದಕ್ಕೆ ಸರಿಯುತ್ತದೆ. ಪೇಪರಿನ ಮಾದರಿಯನ್ನು ಮತ್ತೆ ಅಳೆದು ನೋಡಿದಾಗ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಪ್ರತಿಯೊಂದು ತುಂಡಿಗೂ ಎರಡೂ ತುದಿಯಲ್ಲಿ ಅರ್ಧರ್ಧ ಇಂಚು ಹೊಲಿಗೆಗೆ ಬಿಟ್ಟಿದ್ದೆ. ಕೈಗೆ ಹತ್ತಿದ ಚಾಳಿ. ಬಟ್ಟೆಯಾದರೆ ಮಡಿಸಿ ಒಳಗೆ ಹಾಕಬಹುದು, ಹಳಿಯನ್ನು ಎಲ್ಲಿ ಮಡಿಸುವುದು. ಇವರು ಸ್ಟೂಲಿನ ಮೇಲೆಯೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಹಳ ದಿನಗಳ ಮೇಲೆ ಹಾಗೆ ನಕ್ಕದ್ದು, ನಾನು ಬೈಯಲಿಲ್ಲ.

ಉಬ್ಬಿದ ಸುತ್ತು ಎಲ್ಲಿಗೆ ತಾಗುತ್ತಿದೆ ಎಂದು ತಿಳಿಯಲು ಪರದೆಯ ಬಲಗಡೆಯಿಂದ ಭುಜದವರೆಗೂ ಕೈ ಚಾಚಿದೆ. ಬೆರಳಿಗೆ ಮೊದಲು ಮರದ ತುಂಡು ಸಿಕ್ಕಿತು. ಉಳಿದವನ್ನೆಲ್ಲ ನಾನೇ ಕಿತ್ತಿದ್ದೆ, ಇದೊಂದೇ ಬಾಕಿ, ಮೂರನೆಯದು. ಕೈ ಹಿಂದಕ್ಕೆ ತೆಗೆಯುವಷ್ಟರಲ್ಲಿ ತುಂಡಿನ ಆಚೆ ಇನ್ನೇನೋ ತಗುಲಿತು. ತಗಡು. ದುಂಡಗಿನ ಮೂತಿ. ಬೆರಳು ಒದ್ದೆಯಾಯಿತು.

ಹೇಳದೆ ಇರಬಹುದಿತ್ತು. ನನಗೂ ಭಯವಾಯಿತು. ಅದರ ಡಬ್ಬದಲ್ಲಿ ಏನಿದೆಯೋ, ಯಾವ ಕೊನೆಯ ಮಾತೋ. ಬಂದರೆ ಈ ಮನೆಯಲ್ಲಿ ನಾನು ಮತ್ತೆ ದಿಂಬಿನ ಕವರು ಹೊಲಿಯುವವಳಷ್ಟೇ ಆಗಿಬಿಡುತ್ತೇನೋ. ಆದರೆ ಇವರ ಕೈ ಸ್ಟೂಲಿನ ಅಂಚಿನಲ್ಲಿ ನಡುಗುತ್ತಿತ್ತು, ಅದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದಾಗಲಿಲ್ಲ.

"ರೀ, ಇದು ಬಂದು ನಿಂತಿದೆ" ಎಂದೆ.

"ಯಾವುದು?"

"ಕೆಂಪು ಎಂಜಿನ್ನು. ಒದ್ದೆ ಇದೆ. ಹೋಗಿ, ಬಂದು, ಮರಕ್ಕೆ ಮೂಗು ಒತ್ತಿಕೊಂಡು ನಿಂತಿದೆ. ಅದಕ್ಕೆ ಹಿಂದಕ್ಕೆ ಬರೋಕೆ ಗೊತ್ತಿಲ್ಲ, ಮುಂದಕ್ಕೆ ದಾರಿ ಇಲ್ಲ. ಏನು ಮಾಡುತ್ತೆ ಪಾಪ."

ಹೊರಗೆ ಯಾರದೋ ಮನೆಯ ಕುಕ್ಕರು ಕೂಗಿ ನಿಂತಿತು. ಇವರು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, ಕೋಟಿನ ತೋಳು ಮಡಿಸಿ, "ನನ್ನ ಕೈ ಹಿಡ್ಕೋ" ಎಂದರು.

ನಾನು ಇವರ ಮಣಿಕಟ್ಟನ್ನು ಹಿಡಿದು ಒಳಗೆ ನಡೆಸಿಕೊಂಡು ಹೋದೆ. ಪರದೆ ನಮ್ಮಿಬ್ಬರ ಭುಜದ ಮೇಲೆ ಬಿದ್ದಿತ್ತು. ಇಬ್ಬರೂ ಚಾವಣಿ ನೋಡುತ್ತ ಕೂತಿದ್ದೆವು. ಇವರ ಬೆರಳು ಎಂಜಿನ್ನಿನ ಮೂತಿಯನ್ನು ಮುಟ್ಟಿದ್ದು ನನಗೆ ಮಣಿಕಟ್ಟಿನಲ್ಲೇ ಗೊತ್ತಾಯಿತು. ಆಮೇಲೆ ಅಲ್ಲೇ, ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ, ಮರದ ತುಂಡಿನ ಸ್ಕ್ರೂ ಬಿಚ್ಚಿದೆವು. ಸುತ್ತು ಮರಕ್ಕೆ ತಾಗಿಕೊಂಡು ಉಬ್ಬಿತ್ತಲ್ಲ, ಮರ ತೆಗೆದದ್ದೇ ಅದು ತಾನಾಗಿ ಸರಿದು ಮೂರನೆಯ ಹಳಿಯ ಬಾಯಿಗೆ ಬಂದು ಕೂತಿತು. ನಾನು ತಪ್ಪಾಗಿ ಬಿಟ್ಟ ಹೊಲಿಗೆಯ ಅಂಚು ಅಷ್ಟೂ ಅಲ್ಲಿ ಬೇಕಾಯಿತು. ಜೋಡಿಸುವ ತಗಡನ್ನು ನಾನು ಹಿಡಿದೆ, ಇವರು ಒತ್ತಿದರು.

ಸ್ವಿಚ್ಚಿನ ಮೇಲಿನ ಟೇಪು ಒಣಗಿ ಅಂಟಿಹೋಗಿತ್ತು, ಉಗುರಿನಲ್ಲಿ ಕೆರೆದು ತೆಗೆಯಬೇಕಾಯಿತು. ಇವರು ಸ್ವಿಚ್ಚು ಹಾಕಿದರು. ಏನೂ ಆಗಲಿಲ್ಲ. ಟ್ರಾನ್ಸ್‌ಫಾರ್ಮರು ಗುಂಯ್ ಅಂದಿತು, ಅಷ್ಟೆ. ಇವರು ನನ್ನ ಕಡೆ ನೋಡಿದ ಆ ನೋಟ ನಾನು ಮತ್ತೆ ನೋಡಲಾರೆ. ಆಮೇಲೆ ಒಳಗಿನಿಂದ ಟಕ್ ಎಂದು ಸಣ್ಣ ಸದ್ದು ಬಂತು. ಹಳಿಯ ಸಂದು ದಾಟುವ ಸದ್ದು. ಇನ್ನೊಂದು. ಪರದೆಯ ಬಲ ಅಂಚು, ಸೊಟ್ಟ ಹೊಲಿಗೆಯ ಆ ಅಂಚು, ಸ್ವಲ್ಪ ಮುಂದಕ್ಕೆ ಉಬ್ಬಿತು. ಕೆಂಪು ಎಂಜಿನ್ನು ಅದನ್ನು ತಲೆಯ ಮೇಲಿಂದ ಸರಿಸಿಕೊಂಡು ಹೊರಗೆ ಬಂತು, ಮುಖ ನಮ್ಮ ಕಡೆಗೇ ಮಾಡಿಕೊಂಡು. ಹಿಂದೆ ಒಂದೇ ಒಂದು ಗೂಡ್ಸ್ ಡಬ್ಬ.

ಇವರು ಡಬ್ಬದ ಬಾಗಿಲು ತೆಗೆಯಲಾರದೆ ನನಗೆ ಕೊಟ್ಟರು. ಅಂಗೈ ಮೇಲೆ ಬಗ್ಗಿಸಿದೆ. ಒಂದು ಗುಂಡಿ ಬಿತ್ತು. ಕೋಟಿನ ಗುಂಡಿ. ಅದಕ್ಕೆ ಅಚ್ಚುಕಟ್ಟಾಗಿ ಸುತ್ತಿದ ಹೊಸ ದಾರ.

ಇಷ್ಟು ವರ್ಷ, ಕೋಟು ಗೂಟದಲ್ಲಿ ತೂಗುವಾಗಲೆಲ್ಲ, ನನ್ನ ಹತ್ತಿರವಿದ್ದ ಅಷ್ಟೂ ದಾರವನ್ನು ಅದಕ್ಕೆ ಹಿಡಿದು ನೋಡಿದ್ದೆ, ಒಂದೂ ಹೊಂದಿರಲಿಲ್ಲ. ಸುಟ್ಟ ಬೆಲ್ಲದ ಬಣ್ಣ ಅನ್ನಬಹುದು, ಬಿಸಿಲಿಗೆ ಹಿಡಿದರೆ ಎಲ್ಲೋ ಒಂದು ಹಸಿರು. ಇದು ಆ ಬಣ್ಣವೇ. ಕೋಟಿನ ಮೇಲೆ ಇಟ್ಟರೆ ದಾರ ಕಾಣಿಸಲೇ ಇಲ್ಲ.

"ದಾರಕ್ಕೆ ಕಳಿಸಿದ್ಲು ರೀ" ಎಂದೆ. "ಗುಂಡೀನ ಮಾದರಿಗೆ ಇಟ್ಟು, ಇದಕ್ಕೆ ಒಪ್ಪೋ ದಾರ ಕೊಡಿ ಅಂತ. ಅಷ್ಟೇ. ಹೊಲೀಬೇಕಿತ್ತಲ್ಲ. ಹಿಂದಿನ ಎಂಜಿನ್ನು ಕಟ್ಟೋದು ಮರೆತುಹೋಯ್ತು, ಇಲ್ಲಾ ಎತ್ತೋಕೆ ಕೈಲಾಗಲಿಲ್ಲ. ಜ್ವರದಲ್ಲಿ ಎದ್ದು ಬಂದವಳಿಗೆ ಇನ್ನೇನು ನೆನಪಿರುತ್ತೆ."

"ಮರೆತ್ಲು" ಎಂದರು ಇವರು. ಮತ್ತೆ "ಮರೆತ್ಲಾ" ಎಂದರು. ಆಮೇಲೆ ಅತ್ತರು. ನಾನೂ ಅತ್ತೆ, ಮುಚ್ಚಿಟ್ಟೇನು ಪ್ರಯೋಜನ. ಅವಳ ಮೇಲೆ ನನಗಿದ್ದ ಒಂದು ಸಣ್ಣ ಹೊಟ್ಟೆಕಿಚ್ಚು ಅಷ್ಟು ಹೊತ್ತಿಗೆ ಎಲ್ಲಿ ಹೋಯಿತೋ. ಸಾಯುವ ಮೊದಲು ಗಂಡನ ಕೋಟಿನ ಗುಂಡಿಯ ಚಿಂತೆ ಮಾಡಿದ ಹೆಂಗಸಿನ ಹತ್ತಿರ ಜಗಳ ಆಡುವುದು ಹೇಗೆ.

ಇವರು ಮುಖ ಒರೆಸಿಕೊಂಡು ಕೋಟು ಬಿಚ್ಚಿ ನನ್ನ ಮಡಿಲಲ್ಲಿ ಇಟ್ಟರು.

"ಯಾರ ಕೈಗೂ ಕೊಡಬೇಡಿ ಅಂದಿದ್ಲಲ್ಲ" ಎಂದೆ.

"ದಾರ ಬಂದಿದೆಯಲ್ಲ" ಎಂದರು. "ಅದು ಬಂದಿದ್ದು ನಿನ್ನ ಕೈಗೆ. ಹೊಲಿ."

ಕಿಟಕಿಯ ಬೆಳಕಿಗೆ ಕೂತು ಹೊಲಿದೆ. ನಾಲ್ಕು ಕಣ್ಣಿನ ಗುಂಡಿ, ಅಡ್ಡ ಎರಡು ಎಳೆ, ಉದ್ದ ಎರಡು ಎಳೆ, ಬುಡಕ್ಕೆ ಸುತ್ತಿ ಬಿಗಿ ಗಂಟು. ದಾರವನ್ನು ಹಲ್ಲಲ್ಲಿ ಕಡಿದೆ. ಇವರು ಹಾಕಿಕೊಂಡು ಗುಂಡಿ ತೊಟ್ಟರು. ಕೈ ನಡುಗುತ್ತಿತ್ತು, ಒಂದಷ್ಟು ಹೊತ್ತು ಹಿಡಿಯಿತು, ನಾನು ಸಹಾಯಕ್ಕೆ ಹೋಗಲಿಲ್ಲ.

ಕೆಂಪು ಎಂಜಿನ್ನನ್ನು ಗಾಜಿನ ಕಪಾಟಿನಲ್ಲಿ ಇಡೋಣ ಎಂದರು. ಬೇಡ ಎಂದೆ. ಈಗ ಅದಕ್ಕೆ ಹೋಗಿ ಬರುವ ದಾರಿ ಇದೆ, ಕಪಾಟಿನಲ್ಲಿ ಕೂತು ಏನು ಮಾಡೀತು. ಸೂಜಿಪೆಟ್ಟಿಗೆ ತೆಗೆದು, ನಾನು ಹುಡುಕಿ ತಂದು ಇಟ್ಟುಕೊಂಡಿದ್ದ ಆ ಗುಂಡಿಯನ್ನು ಹುಡುಕಿದೆ. ತಳದಲ್ಲಿತ್ತು. ಉಳಿದ ದಾರವನ್ನು ಅದಕ್ಕೆ, ಅವಳು ತರಿಸಿದ ದಾರ ಬಂದಿದ್ದ ಹಾಗೇ ಸುತ್ತಿ, ಡಬ್ಬದಲ್ಲಿ ಇಟ್ಟು ಬಾಗಿಲು ಹಾಕಿದೆ. "ಸುಲೋಚನೆಗೆ" ಎಂದೆ. ಇವರು ಎಂಜಿನ್ನನ್ನು ಎತ್ತಿ ಎಡಗಡೆಯ ಹಳಿಯ ಮೇಲೆ ಪರದೆಗೆ ಮುಖ ಮಾಡಿ ಇಟ್ಟು, ಸ್ವಿಚ್ಚು ಹಾಕಿದರು.

ಕಪ್ಪು ಎಂಜಿನ್ನನ್ನು ಯಾರೂ ಕಟ್ಟಲಿಲ್ಲ. ಕೆಂಪು ಎಂಜಿನ್ನು ಮುಂದಕ್ಕೆ ಹೋಯಿತು. ಅದಕ್ಕೆ ಬರುವುದು ಅದೊಂದೇ.